ಹೆಬ್ಬಂಡೆ ಮಠದ ಹನ್ನೊಂದು ಮೆಟ್ಟಿಲು

ದಪ್ಪ ರಬ್ಬರು ಕತ್ತರಿಸುವುದು ಸುಲಭದ ಮಾತಲ್ಲ. ಸುಲಭ ಎಂದವರ ಕೈಗೆ ತೀರ್ಥಪ್ಪ ತನ್ನ ಚೂರಿಯನ್ನೇ ಕೊಟ್ಟು, "ಎಲ್ಲಿ, ಕುಯ್ದು ತೋರ್ಸಿ ನೋಡಣ" ಎನ್ನುತ್ತಿದ್ದ. ಗಿರಾಕಿ ಹಲ್ಲು ಕಚ್ಚಿಕೊಂಡು ಒತ್ತಿದಷ್ಟೂ ರಬ್ಬರು ಚೂರಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಆಗ ತೀರ್ಥಪ್ಪ ಚೂರಿ ಬಿಡಿಸಿಕೊಂಡು ಪಕ್ಕದ ಮಡಕೆಯಲ್ಲಿದ್ದ ಅಂಟುವಾಳದ ನೊರೆಗೆ ಅದ್ದುತ್ತಿದ್ದ. ರಬ್ಬರನ್ನು ದಿಮ್ಮಿಯ ಅಂಚಿಗೆ ಬಗ್ಗಿಸಿ ಮಂಡಿಯಿಂದ ಒತ್ತಿ ಹಿಡಿದರೆ ಗೀರಿದ ಜಾಗ ತಾನಾಗಿ ಬಾಯಿ ಬಿಡುತ್ತಿತ್ತು. ಮೊದಲ ಸಲ ಬರೀ ಗೆರೆ, ಎರಡನೇ ಸಲ ಒಂದಿಷ್ಟು ಆಳ, ಮೂರನೆಯದಕ್ಕೋ ನಾಲ್ಕನೆಯದಕ್ಕೋ ತುಂಡು ಎರಡಾಗಿ ಬೀಳುತ್ತಿತ್ತು. "ಇದು ಸೌತೆಕಾಯಿ ಅಲ್ಲ ಕಣ್ರೀ. ಇದಕ್ಕೆ ಆತುರ ಮಾಡುದ್ರೆ ಆಗಲ್ಲ" ಎಂದು ಗದರುತ್ತಿದ್ದ.

ಈ ವಿದ್ಯೆಯನ್ನು ಅವನು ಕಲಿತದ್ದು ಲಕ್ಕವಳ್ಳಿಯಲ್ಲಿ. ಅಣೆಕಟ್ಟಿನ ಗೇಟುಗಳ ಸಂದಿಗೆ ನೀರು ಸೋರದಂತೆ ಕೂರಿಸುವ ರಬ್ಬರನ್ನು ಕತ್ತರಿಸುತ್ತಿದ್ದ ಮುದುಕ ಮೇಸ್ತ್ರಿಯೊಬ್ಬನ ಕೈಕೆಳಗೆ ಎಂಟು ವರ್ಷ ದುಡಿದ. ಅಲ್ಲಿನ ಕೆಲಸ ಮುಗಿದ ಮೇಲೆ, ಎಪ್ಪತ್ನಾಲ್ಕರಲ್ಲಿ, ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ಅಂಗಡಿಗೂ ಕುಲುಮೆಗೂ ನಡುವೆ ಒಂದು ತಗಡಿನ ಶೆಡ್ಡು ಹಾಕಿಕೊಂಡ. ಪಂಪ್‌ಸೆಟ್ಟಿಗೆ ವಾಷರು, ಎತ್ತಿನ ಗಾಡಿಯ ಬ್ರೇಕಿಗೆ ಪಟ್ಟಿ, ಬಾಗಿಲು ಬಡಿಯದಂತೆ ಹೊಡೆಯುವ ತುಂಡು, ಇವೆಲ್ಲ ಇದ್ದರೂ ಅವನ ಹೊಟ್ಟೆ ಹೊರೆದದ್ದು ಹಳೆ ಲಾರಿ ಟೈರಿನ ಚಪ್ಪಲಿ.

ತಾಪತ್ರಯ ಶುರುವಾದದ್ದೂ ಅಲ್ಲಿಂದಲೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೆಟ್ಟು ಹೊಲಿಯುತ್ತಾನೆ ಎಂದು ಶಿವನಿಯ ನೆಂಟರಿಷ್ಟರಲ್ಲಿ ಗುಸುಗುಸು ಎದ್ದಿತು. ಮದುವೆ ಮನೆಗಳಲ್ಲಿ ಅವನ ಪಕ್ಕದ ಎಲೆಗೆ ಕೂರಲು ಜನ ಹಿಂದೆಮುಂದೆ ನೋಡಿದರು. "ರಬ್ಬರು ಅಂದ್ರೆ ಮರದ ಹಾಲು ಕಣ್ರೀ, ಚರ್ಮ ಅಲ್ಲ" ಎಂದು ತೀರ್ಥಪ್ಪ ಎಷ್ಟು ಮಂದಿಗೆ ಹೇಳಿದನೋ ಲೆಕ್ಕವಿಲ್ಲ. ಕೇಳಿದವರು ಹೌದೌದು ಎಂದು ತಲೆಯಾಡಿಸಿ, ಎದ್ದು ಬೇರೆ ಸಾಲಿಗೆ ಹೋಗಿ ಕೂರುತ್ತಿದ್ದರು. ಹೀಗೆ ತಲೆಯಾಡಿಸುವವರನ್ನು ಕಂಡರೆ ನನಗೇ ಮೈ ಉರಿಯುತ್ತದೆ, ಇನ್ನು ಅವನಿಗೆ ಹೇಗಾಗಿರಬೇಡ.

ತಲೆಯಾಡಿಸಿ ಎದ್ದು ಹೋಗದಿದ್ದವಳು ಒಬ್ಬಳೇ, ಸೋದರತ್ತೆ ದಾಕ್ಷಾಯಣಮ್ಮ. ಮೂರು ವರ್ಷದವನಿದ್ದಾಗ ತಾಯಿ ಸತ್ತ ತೀರ್ಥಪ್ಪನನ್ನು ಎತ್ತಿಕೊಂಡು ಬಂದು ಸಾಕಿದವಳು. ಮಜ್ಜಿಗೆ ಕಡೆದ ದಿನ ಬೆಣ್ಣೆಯ ಮೊದಲ ಉಂಡೆ ಬೀಳುತ್ತಿದ್ದುದು ಅವನ ಅಂಗೈಗೆ, ಆಮೇಲೆ ಸ್ವಂತ ಮಗ ಶಿವಮೂರ್ತಪ್ಪನ ಅಂಗೈಗೆ. ಆರು ವರ್ಷ ದೊಡ್ಡವನಾದ ಶಿವಮೂರ್ತಪ್ಪನನ್ನು ತೀರ್ಥಪ್ಪ ಭಾವ ಎಂದು ಕರೆಯುತ್ತಿದ್ದ. ಭಾವನ ಹೆಗಲ ಮೇಲೆ ಕೂತು ಶಿವನಿ ಸ್ಟೇಷನ್ನಿಗೆ ಹೋಗಿ ರೈಲು ನೋಡಿಕೊಂಡು ಬಂದವನು ಅವನು.

ತೀರ್ಥಪ್ಪ ಮೊದಲ ಜೋಡಿ ಟೈರಿನ ಚಪ್ಪಲಿ ತಂದುಕೊಟ್ಟಾಗ ಅತ್ತೆ ಅದನ್ನು ಮೆಟ್ಟಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದಳು. ಕೇಳಿದವರಿಗೂ ಕೇಳದವರಿಗೂ "ನಮ್ ತೀರ್ಥ ಮಾಡಿದ್ದು" ಎಂದು ಕಾಲು ಎತ್ತಿ ತೋರಿಸಿದಳು. ಶಿವಮೂರ್ತಪ್ಪನೂ ಒಂದು ಜೊತೆ ಇಸಕೊಂಡ. ಆದರೆ ಅವನು ಅದನ್ನು ಹಾಕುತ್ತಿದ್ದುದು ಹೊಲಕ್ಕೆ ಹೋಗುವಾಗ ಮಾತ್ರ. ಇದನ್ನು ತೀರ್ಥಪ್ಪ ಆಗಲೇ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಶಿವನಿಯಿಂದ ಮುಕ್ಕಾಲು ಗಂಟೆ ನಡೆದರೆ ಹೆಬ್ಬಂಡೆ. ಬಂಡೆಯ ನೆತ್ತಿಯಲ್ಲಿ ಒಂದು ಸಣ್ಣ ಮಠ, ಅದರಲ್ಲಿ ವಯಸ್ಸಾದ ಅಯ್ಯನವರೊಬ್ಬರು. ಮೇಲಿನ ಉಸ್ತುವಾರಿಯೆಲ್ಲ ಶಿವಮೂರ್ತಪ್ಪನದು. ಹತ್ತಲು ಬಂಡೆಯಲ್ಲೇ ಕಡೆದ ಅರವತ್ತು ಚಿಲ್ಲರೆ ಮೆಟ್ಟಿಲು. ಆ ಸೀಮೆಯಲ್ಲಿ ಮಳೆ ಅಷ್ಟಕ್ಕಷ್ಟೇ ಆದರೂ, ನಡುವಿನ ಹನ್ನೊಂದು ಮೆಟ್ಟಿಲು ಮಾತ್ರ ವರ್ಷವಿಡೀ ಒದ್ದೆ. ಬಂಡೆಯ ಬಿರುಕಿನಿಂದ ನೀರು ಜಿನುಗಿ ಮೆಟ್ಟಿಲ ಮೇಲೆ ತೆಳ್ಳಗೆ ಹರಿಯುತ್ತಿತ್ತು. ಅದರ ಮೇಲೆ ಹಸಿರು ಪಾಚಿ. ಚಪ್ಪಲಿಯನ್ನು ಕೆಳಗೇ ಬಿಟ್ಟು ಬರಿಗಾಲಲ್ಲಿ ಹತ್ತಬೇಕಾದ ಜಾಗ ಅದು. ಆ ಹನ್ನೊಂದು ಬಂದಾಗ ಗಂಡಸರೂ ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು. ಅತ್ತೆ ಪ್ರತಿ ಸೋಮವಾರ ಅಭಿಷೇಕಕ್ಕೆಂದು ಕೊಡ ನೀರು ಹೊತ್ತು ಹತ್ತುವವಳು. ಎಪ್ಪತ್ತಾರರ ಒಂದು ಸೋಮವಾರ ಜಾರಿ ಮಂಡಿ ತರಚಿಕೊಂಡಳು.

ನೋಡಲು ಬಂದ ತೀರ್ಥಪ್ಪನಿಗೆ ಅವಳು ಹೇಳಿದಳು, "ಊರೋರ ಕಾಲಿಗೆಲ್ಲ ರಬ್ಬರು ಕುಯ್ದು ಕೊಡ್ತೀಯ. ಆ ಕಲ್ಲಿನ ಕಾಲಿಗೊಂದಿಷ್ಟು ಕುಯ್ದು ಹಾಕಕ್ಕಾಗಲ್ವೇನೋ ಮಗಾ?"

ಅವನು ಆ ಮಾತನ್ನು ಕಣ್ಣಿಗೆ ಒತ್ತಿಕೊಂಡ. ಅಯ್ಯನವರು ಆಗಲಿ ಅಂದರು. ಶಿವಮೂರ್ತಪ್ಪ ಮಾತ್ರ ಒಂದು ಷರತ್ತು ಹಾಕಿದ. "ಟೈರು ಬೇಡ ಕಣೋ. ಹೊಸ ರಬ್ಬರು ತಂದು ಮಾಡು."

"ಹೊಸದೇ ತತ್ತೀನಿ ಭಾವ, ಹೆಬ್ಬೆರಳು ದಪ್ಪದ ಹಾಳೆ."

"ಅದ್ರಲ್ಲಿ ಚಪ್ಪಲಿ ಕುಯ್ಯಲ್ಲ ತಾನೆ?"

"ಅದ್ರಲ್ಲಿ ಕುಯ್ಯಲ್ಲ. ಆದ್ರೆ ಚೂರಿ ನಂತಾವ ಇರೋದು ಒಂದೇ" ಎಂದು ತೀರ್ಥಪ್ಪ ನಕ್ಕ. ಭಾವನೂ ನಕ್ಕ.

ಹದಿನೈದು ದಿನ ಅವನು ಶೆಡ್ಡಿನಲ್ಲಿ ಬೇರೆ ಕೆಲಸ ಮುಟ್ಟಲಿಲ್ಲ. ಒಂದೊಂದು ಮೆಟ್ಟಿಲೂ ಒಂದೊಂದು ಅಳತೆ, ಒಂದಕ್ಕೆ ಕೊಯ್ದದ್ದು ಇನ್ನೊಂದಕ್ಕೆ ಕೂರುವಂತಿರಲಿಲ್ಲ. ಹನ್ನೊಂದು ಪಟ್ಟಿ ಕೊಯ್ದು, ಮೈಮೇಲೆ ಓರೆಯಾಗಿ ಸಣ್ಣ ತೋಡುಗಳನ್ನು ತೆಗೆದ. ಮೇಲೆ ಬಿದ್ದ ನೀರು ತೋಡಿಗಿಳಿದು ಪಕ್ಕಕ್ಕೆ ಹರಿದುಹೋಗಬೇಕು, ಎದ್ದು ನಿಂತ ರಬ್ಬರು ಒಣಗಿರಬೇಕು, ಕಾಲು ಅದನ್ನು ಹಿಡಿಯಬೇಕು, ಇಷ್ಟೇ ಅದರ ಲೆಕ್ಕಾಚಾರ. ಅದಲುಬದಲಾಗದಿರಲೆಂದು ಪ್ರತಿ ಪಟ್ಟಿಯ ಅಂಚಿನಲ್ಲಿ ಗೀಟು ಹಾಕಿದ, ಮೊದಲನೆಯದಕ್ಕೆ ಒಂದು, ಐದನೆಯದಕ್ಕೆ ಐದು. ಕಲ್ಲಿಗೆ ತೂತು ಹೊಡೆದು ಸಿಮೆಂಟಿನಲ್ಲಿ ಬೋಲ್ಟು ನಿಲ್ಲಿಸಿ, ಬರಿಗಾಲಿಗೆ ಚುಚ್ಚದಂತೆ ನಟ್ಟನ್ನು ರಬ್ಬರಿನ ಒಳಕ್ಕೆ ಇಳಿಸಿ ಬಿಗಿದ. ಪಟ್ಟಿಯ ಹಿಂದೆ ಎರಡು ಬೆರಳು ಜಾಗ ಬಿಟ್ಟ. ಜಿನುಗು ನೀರು ತನ್ನ ಪಾಡಿಗೆ ಹರಿಯಲಿ ಎಂದು.

ಪಟ್ಟಿ ಹಾಕಿ ಮರೆಯುವಂತಿರಲಿಲ್ಲ. ತಿಂಗಳಿಗೊಮ್ಮೆ ಬಿಚ್ಚಿ, ಅಡಿಯ ಪಾಚಿಯನ್ನು ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ, ತೋಡಿನೊಳಗಿನ ಮಣ್ಣು ಕೆದಕಿ ಮತ್ತೆ ಬಿಗಿಯಬೇಕು. ಮೂರು ವರ್ಷ ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ ತೀರ್ಥಪ್ಪ ಅಜ್ಜಂಪುರದ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಚೀಲದಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಬಂದ. ಯಾರೂ ಅವನನ್ನು ಬಾ ಎಂದು ಕರೆದದ್ದಲ್ಲ. ಆ ಮೂರು ವರ್ಷದಲ್ಲಿ ಅಲ್ಲಿ ಒಬ್ಬರೂ ಜಾರಲಿಲ್ಲ. ಮಠದ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಈಗ ಏಳುತ್ತಿರಲಿಲ್ಲ. "ಮೆಟ್ಲು ಚೆನ್ನಾಗ್ ಮಾಡಿದ್ಯಪ್ಪ" ಎಂದು ಮಾತನಾಡಿಸುತ್ತಿದ್ದರು. ಬದುಕಿನಲ್ಲಿ ತೀರ್ಥಪ್ಪ ಅಷ್ಟು ಸಂತೋಷವಾಗಿದ್ದುದು ಇನ್ನೆಂದೂ ಇಲ್ಲ. ಕೈಯ ಕೆಲಸದಿಂದ ಹೋದ ಮರ್ಯಾದೆ ಅದೇ ಕೈಯಿಂದ ವಾಪಸ್ಸು ಬಂದಿತ್ತು.

ಎಪ್ಪತ್ತೊಂಬತ್ತರ ಕಾರ್ತಿಕದಲ್ಲಿ ದೂರದ ದೊಡ್ಡ ಗುರುಗಳು ಹೆಬ್ಬಂಡೆಗೆ ದಯಮಾಡಿಸುತ್ತಾರೆ ಎಂದು ಗೊತ್ತಾಯಿತು. ಅದರ ಹಿಂದಿನ ಅಮಾವಾಸ್ಯೆಗೆ ಮೂರು ದಿನ ಇರುವಾಗ ಶಿವಮೂರ್ತಪ್ಪ ತಾನೇ ತರೀಕೆರೆಗೆ ಬಂದ. ಶೆಡ್ಡಿನ ಒಳಕ್ಕೆ ಬರಲಿಲ್ಲ, ಹೊರಗೇ ನಿಂತ.

"ಈ ಸಲ ನೀನು ಬರ್ಬೇಡ ತೀರ್ಥ. ಅಲ್ಲಿ ಸುಣ್ಣಬಣ್ಣ ನಡೀತೈತೆ, ನಾನೇ ಬಿಚ್ಚಿಸಿ ತೊಳೆಸ್ತೀನಿ. ಸ್ಪ್ಯಾನರ್ ಕೊಡು. ಗುರುಗಳು ಬರೋ ದಿನ ಹೆಂಡ್ತಿನ ಕರ್ಕೊಂಡು ಊಟದ ಹೊತ್ತಿಗೆ ಬಂದ್ಬಿಡು."

"ಬೆಳಿಗ್ಗೆನೇ ಬತ್ತೀವಿ ಭಾವ. ಪಾದಪೂಜೆ ನೋಡ್ಬೋದು."

"ನೂಕುನುಗ್ಗಲು ಕಣೋ. ಊಟಕ್ಕೆ ಬಾ, ನನ್ ಪಕ್ಕದಲ್ಲೇ ಎಲೆ ಹಾಕಿಸಿರ್ತೀನಿ."

ಪಕ್ಕದಲ್ಲೇ ಎಲೆ ಎಂಬ ಮಾತಿಗೆ ತೀರ್ಥಪ್ಪ ಕರಗಿಹೋದ. ಸ್ಪ್ಯಾನರ್ ಒರೆಸಿ ಕೊಟ್ಟ.

ಆ ದಿನ ಹೆಂಡತಿ ಮಲ್ಲಿಕಾಂಬಳಿಗೆ ಮದುವೆಯ ಸೀರೆ ಉಡಿಸಿ ಹೆಬ್ಬಂಡೆಗೆ ಹೊರಟ. ತಲುಪಿದಾಗ ಹನ್ನೆರಡು ದಾಟಿತ್ತು. ಬಂಡೆಯ ಬುಡದಲ್ಲಿ ಇನ್ನೂರು ಜನ ಇದ್ದರೂ ಗಲಾಟೆ ಇರಲಿಲ್ಲ. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಅವನ ಹನ್ನೊಂದು ಪಟ್ಟಿಗಳು ರಾಶಿ ಬಿದ್ದಿದ್ದವು. ಅವನ ಮುಖ ನೋಡಿದ್ದೇ ಜನ ದಾರಿ ಬಿಟ್ಟರು. ಅದು ಮರ್ಯಾದೆಗೆ ಬಿಟ್ಟ ದಾರಿಯಾಗಿರಲಿಲ್ಲ.

ಅತ್ತೆ ಬಿದ್ದಿದ್ದಳು. ಗುರುಗಳ ಪಾದ ತೊಳೆಯಲು ನೀರಿನ ಕೊಡ ಹಿಡಿದು ಅವರ ಮುಂದೆ ಹತ್ತುತ್ತಿದ್ದವಳು ಐದನೇ ಪಟ್ಟಿಯ ಮೇಲೆ ಕಾಲಿಟ್ಟದ್ದೇ ಜಾರಿ, ಮುಖ ಅಡಿಯಾಗಿ ಬಿದ್ದು, ಮೂರು ಮೆಟ್ಟಿಲು ಕೆಳಕ್ಕೆ ಉರುಳಿದ್ದಳು. ಸೊಂಟದ ಮೂಳೆ ಮುರಿದಿತ್ತು. ಬಾಡಿಗೆ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಗುರುಗಳು ಮೇಲಕ್ಕೆ ಹತ್ತದೆ ವಾಪಸ್ಸು ಹೋಗಿದ್ದರು.

ಶಿವಮೂರ್ತಪ್ಪ ಜನರ ಮಧ್ಯದಿಂದ ಬಂದ. "ನೋಡ್ದೇನೋ ನಿನ್ ಕೆಲಸಾನ? ಹೆತ್ತಮ್ಮನ ಥರ ಸಾಕಿದೋಳ ಸೊಂಟ ಮುರಿದಾಕ್ತು ನಿನ್ ರಬ್ಬರು! ಗುರುಗಳ ಮುಂದೆ ಊರಿನ ಮಾನ ಹೋಯ್ತು!"

ತೀರ್ಥಪ್ಪನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ. "ಅಡಿಯ ಪಾಚಿ ತೊಳೆಸಿದ್ಯಾ ಭಾವ? ತೋಡು ಕೆದಕ್ಸಿದ್ಯಾ?"

"ಎಲ್ಲಾ ಮಾಡಿಸಿದ್ದೆ. ಒಂದೂ ಬಾಕಿ ಇರ್ಲಿಲ್ಲ."

ಮೆಟ್ಟಿಲ ಕಡೆ ನೋಡಿದರೆ ಕೊಡಗಟ್ಟಲೆ ನೀರು ಸುರಿದು ತೊಳೆದುಬಿಟ್ಟಿದ್ದರು, ಬರೀ ಕಲ್ಲು ಹೊಳೆಯುತ್ತಿತ್ತು. ಪಟ್ಟಿಯ ರಾಶಿಯ ಹತ್ತಿರ ಹೋಗಿ ಬಗ್ಗಿದ. ಯಾರೋ "ಮುಟ್ಬೇಡ ಅದನ್ನ, ಹೋಗಯ್ಯ" ಎಂದು ಭುಜಕ್ಕೆ ಕೈ ಹಾಕಿ ಹಿಂದಕ್ಕೆ ತಳ್ಳಿದರು. ಗಂಡ ಹೆಂಡತಿ ಊಟವಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿದರು.

ಎರಡು ವಾರ ಬಿಟ್ಟು ಆಸ್ಪತ್ರೆಗೆ ಹೋದ. ಬಾಗಿಲಲ್ಲಿ ಅವನನ್ನು ಕಂಡ ಅತ್ತೆ ಒಂದು ಗಳಿಗೆ ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅರ್ಧ ಗಂಟೆ ನಿಂತರೂ ಈ ಕಡೆ ತಿರುಗಲಿಲ್ಲ. ಇದಾದ ಮೇಲೆ ಅವನು ಅವಳನ್ನು ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಜನ ಬೈದದ್ದನ್ನು ಅವನು ಹೇಗೋ ತಡೆದುಕೊಂಡ. ತಡೆಯಲಾಗದೆ ಹೋದದ್ದು ಬೇರೆ. ತಪ್ಪು ಎಲ್ಲಾಯಿತು ಎಂದು ಅವನಿಗೆ ಗೊತ್ತಾಗಲಿಲ್ಲ. ತೋಡಿನ ಆಳ ಸಾಲದಾಯಿತೇ? ಮೂರು ವರ್ಷದ ಬಿಸಿಲಿಗೆ ರಬ್ಬರು ಗಟ್ಟಿಯಾಯಿತೇ? ಓರೆ ಹೆಚ್ಚಾಯಿತೇ? ಅದೇ ಹಾಳೆಯಲ್ಲಿ ಉಳಿದಿದ್ದ ತುಂಡಿಗೆ ಅದೇ ತೋಡು ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ, ನೀರು ಸುರಿದು ಮಲ್ಲಿಕಾಂಬಳನ್ನು ಹತ್ತಿಸಿ ಇಳಿಸಿದ. ನೂರು ಸಲ ಹತ್ತಿಸಿದನೋ ಏನೋ.

"ಜಾರಲ್ಲ ಕಣ್ರೀ ಇದು. ನಿಮ್ ಭಾವನ್ನೇ ಹೋಗಿ ಸರಿಯಾಗ್ ಕೇಳಿ" ಎಂದಳು ಅವಳು.

"ಭಾವ ಯಾಕೆ ಸುಳ್ಳು ಹೇಳ್ತಾನೆ? ಬಿದ್ದಿದ್ದು ಅವ್ನ ಹೆತ್ತಮ್ಮ ಕಣೇ."

ಐದು ವರ್ಷ ಅವನು ಮೆಟ್ಟಿಲಿನ ಕೆಲಸ ಹಿಡಿಯಲಿಲ್ಲ. ಲಕ್ಕವಳ್ಳಿಯ ಕ್ವಾರ್ಟರ್ಸಿನಿಂದ ಯಾರೋ ಹುಡುಕಿಕೊಂಡು ಬಂದಾಗಲೂ, "ನನ್ ಕೈ ಸರಿ ಇಲ್ಲ, ಬೇರೆಯವ್ರನ್ನ ನೋಡ್ಕೊಳಿ" ಎಂದು ಕಳಿಸಿದ. ಒಂದು ವಾಷರು ಕೊಯ್ದರೂ ನಾಲ್ಕು ಸಲ ತಿರುಗಿಸಿ ನೋಡುವಂತಾದ. ಸರಿಯಾಗಿರುವುದನ್ನೇ ಬಿಸಾಕಿ ಇನ್ನೊಂದು ಕೊಯ್ಯುತ್ತಿದ್ದ.

ಎಂಬತ್ನಾಲ್ಕರಲ್ಲಿ ಒಂದು ಕಾರ್ಡು ಬಂತು. ಭಾವನ ಹೆಂಡತಿ ಪಂಕಜಾಕ್ಷಿ ಬರೆದದ್ದು. ಅತ್ತೆಯ ಆರೋಗ್ಯ ಪೂರಾ ಕೆಟ್ಟಿದೆ, ನಿಮ್ಮನ್ನು ನೋಡಬೇಕೆಂದು ಹಟ ಹಿಡಿದಿದ್ದಾರೆ. ಕಾರ್ಡನ್ನು ಹಿಡಿದು ತೀರ್ಥಪ್ಪ ಶೆಡ್ಡಿನಲ್ಲೇ ಅತ್ತುಬಿಟ್ಟ. ಸಾಯುವ ಮುಂಚೆ ಕ್ಷಮಿಸುತ್ತಾಳೆ ಎಂದುಕೊಂಡ. ಅವಳು ಕೋಲು ಊರಿಕೊಂಡು ಓಡಾಡುತ್ತಾಳೆ ಎಂದು ಕೇಳಿದ್ದರಿಂದ, ಕೋಲಿನ ತುದಿಗೆ ತೊಡಿಸಲು ಒಂದು ರಬ್ಬರಿನ ಕಾಲನ್ನು ಕೊಯ್ದ. ಇಡೀ ದಿನ ಕೂತು ಕೊಯ್ದ.

ಶಿವನಿಯ ಮನೆಯಲ್ಲಿ ಭಾವ ಇರಲಿಲ್ಲ, ಅಂಗಡಿಗೆ ಹೋಗಿದ್ದ. ಪಂಕಜಾಕ್ಷಿ ಕಾಲು ತೊಳೆದು ಬನ್ನಿ ಎಂದು ಹಿತ್ತಲ ಕಡೆ ಕೈ ತೋರಿಸಿದಳು. ಹಿತ್ತಲ ಜಗುಲಿಯಿಂದ ಬಚ್ಚಲಿಗೆ ಇಳಿಯಲು ನಾಲ್ಕು ಕಲ್ಲಿನ ಮೆಟ್ಟಿಲು. ಮೊದಲ ಮೆಟ್ಟಿಲಿಗೆ ಕಾಲಿಟ್ಟವನು ಹಾಗೆಯೇ ನಿಂತ. ಕಣ್ಣಿಗಿಂತ ಮುಂಚೆ ಅಂಗಾಲಿಗೆ ಗೊತ್ತಾಯಿತು.

ಅವನದೇ ಪಟ್ಟಿಗಳು. ಯಾರೋ ನೊರೆಯನ್ನೂ ಹಚ್ಚದೆ ಕೊಡಲಿಯಲ್ಲಿ ಕಚ್ಚುಕಚ್ಚಾಗಿ ಕಡಿದು ಉದ್ದ ಕಮ್ಮಿ ಮಾಡಿದ್ದರು. ಆದರೂ ಓರೆ ತೋಡು ಹಾಗೇ ಇತ್ತು. ಮೂರನೇ ಮೆಟ್ಟಿಲಿನದಕ್ಕೆ ಬಗ್ಗಿ ನೋಡಿದ. ಅಂಚಿನಲ್ಲಿ ಐದು ಗೀಟು. ಅತ್ತೆಯನ್ನು ಬೀಳಿಸಿತು ಎಂದ ಪಟ್ಟಿ ಅದೇ. ದಿನವೂ ಅತ್ತೆಯನ್ನು ಸ್ನಾನಕ್ಕೆ ಇಳಿಸುವುದು ಅದರ ಮೇಲೆಯೇ. ತಂಬಿಗೆಯಲ್ಲಿ ನೀರು ತೆಗೆದು ಸುರಿದು ಅಂಗಾಲನ್ನು ಒತ್ತಿ ಉಜ್ಜಿ ನೋಡಿದ. ಕೂದಲೆಳೆಯಷ್ಟೂ ಜಾರಲಿಲ್ಲ. ತಾಯಿಯ ಸೊಂಟ ಮುರಿದ ರಬ್ಬರನ್ನು ತಾಯಿಯ ಕಾಲಡಿಗೆ ಯಾರು ತಂದು ಹಾಕುತ್ತಾರೆ? ಇದು ತಪ್ಪು ಮಾಡಿಲ್ಲ ಎಂದು ತಿಳಿದವನು ಮಾತ್ರ.

ಒಳಗೆ ಹೋದ. ಅತ್ತೆ ಹಾಸಿಗೆಯಲ್ಲಿ ಒಂದು ಹಿಡಿಯಾಗಿದ್ದಳು. ಪಂಕಜಾಕ್ಷಿಯನ್ನು ನೀರು ತರಲು ಕಳಿಸಿ, ಇವನ ಒದ್ದೆ ಕಾಲನ್ನು ನೋಡಿದಳು.

"ಬಚ್ಚಲ ಮೆಟ್ಲು ನೋಡ್ದೇನೋ?"

"ನೋಡ್ದೆ ಅತ್ತೆ."

"ಇನ್ನು ಮುಚ್ಚಿಟ್ಟು ಫಲ ಇಲ್ಲ. ಆವತ್ತು ಬೆಳಿಗ್ಗೆ ನಿನ್ ಭಾವ ಆ ರಬ್ಬರಿನ ಮೇಲೆಲ್ಲ ಸಗಣಿ ಬಳಿಸಿದ್ದ ಕಣೋ. ಗಟ್ಟಿಯಾಗಿ ಕಲಸಿ, ತೋಡೆಲ್ಲಾ ತುಂಬಂಗೆ. ಬಳಿದೋಳು ಮಠದ ಕಸ ಗುಡ್ಸೋ ಪಾಪಮ್ಮ. ಹೇಳಿದೋನು ಇವ್ನೇ. ಚಪ್ಪಲಿ ಕುಯ್ದ ಚೂರಿ ಮುಟ್ಟಿದ ರಬ್ಬರಲ್ವಾ, ಅದ್ರ ಮೇಲೆ ಗುರುಗಳ ಪಾದ ಹೆಂಗೆ ಇಡ್ಸೋದು ಅಂತ. ಸಗಣಿ ಸಾರಿಸುದ್ರೆ ಮೈಲಿಗೆನೂ ಹೋಗುತ್ತೆ, ಕರಿ ಬಣ್ಣನೂ ಕಾಣಲ್ಲ ಅಂತ. ಜಿನುಗು ನೀರು ಬಿದ್ದು ಅದು ಬೆಣ್ಣೆಯಂಗೆ ಆಗಿತ್ತು. ನಾನು ಬಿದ್ದ ಕೂಡ್ಲೆ ನೀರು ಸುರಿಸಿ ತೊಳೆಸ್ಬಿಟ್ಟ."

ತೀರ್ಥಪ್ಪನಿಗೆ ಸಗಣಿಗಿಂತ ಭಾವನ ಆ ನಗು ನೆನಪಾಯಿತು. ಚೂರಿ ಒಂದೇ ಎಂದಾಗ ಜೊತೆಗೆ ನಕ್ಕಿದ್ದನಲ್ಲ, ಆ ನಗು. ಮೂರು ವರ್ಷ ಅದರ ಮೇಲೆ ತಾನೂ ಹತ್ತಿ ಇಳಿದು, ಬೆನ್ನು ತಟ್ಟಿ, ಒಳಗೊಳಗೆ ಮೈಲಿಗೆ ಎಣಿಸುತ್ತಿದ್ದ.

"ನಿಂಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಬಿದ್ದಾಗ್ಲೇ. ಮುಖ ಅಡಿಯಾಗಿ ಬಿದ್ದೆನಲ್ಲೋ. ಮೂಗಿನ ತುಂಬ ಸಗಣಿ."

ಈ ಮಾತಿಗೆ ತೀರ್ಥಪ್ಪ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಭಾವ ಮಾಡಿದ್ದು ಮೋಸ, ಸರಿ. ಭಾವ ಹೊರಗೆ ನಿಂತು ಸ್ಪ್ಯಾನರ್ ಇಸಕೊಂಡ ದಿನವೇ ಅದು ಶುರುವಾಗಿತ್ತು. ಆದರೆ ಈ ಮುದುಕಿಗೆ ಮೊದಲ ಗಳಿಗೆಯಿಂದ ಎಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿ ಗೋಡೆಗೆ ಮುಖ ತಿರುಗಿಸಿದ್ದು ಅವನ ಮೇಲಿನ ಸಿಟ್ಟಿಗಲ್ಲ, ಅವನ ಕಣ್ಣು ಎದುರಿಸಲಾಗದೆ. ಐದು ವರ್ಷ ಅವನು ತನ್ನ ಕೈಯನ್ನು ತಾನೇ ಶಪಿಸಿಕೊಂಡದ್ದು ಸುದ್ದಿಯಾಗಿ ಅವಳಿಗೆ ತಲುಪದೆ ಇರಲಿಲ್ಲ. ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು.

"ಯಾಕತ್ತೆ?" ಎಂದ.

"ಅನ್ನ ಹಾಕೋನು ಅವ್ನಲ್ಲೇನೋ. ಹೊತ್ಕೊಂಡು ಬಚ್ಚಲಿಗೆ ಇಳ್ಸೋಳು ಅವ್ನ ಹೆಂಡ್ತಿ. ನೀನು ದೂರದೋನು, ತಡ್ಕೋತೀಯ ಅನ್ಕೊಂಡೆ." ನಂತರ ಅವಳು ದಿಂಬಿನ ಪಕ್ಕದಿಂದ ಕೈ ಚಾಚಿ ಅವನ ಕೈ ಹಿಡಿದಳು. "ಈಗ ಪಾಪಮ್ಮ ಅಲ್ಲಿ ಇಲ್ಲಿ ಬಾಯಿ ಬಿಡ್ತಾ ಅವಳೆ. ಯುಗಾದಿ ಕಳುದ್ ಮೇಲೆ ಇವ್ನ ಮಠದ ಅಧ್ಯಕ್ಷನ್ನ ಮಾಡ್ತಾರಂತೆ. ನಿನ್ ಬಾಯಿಂದ ಇದು ಬಂದ್ರೆ ಮಾತ್ರ ಜನ ನಂಬ್ತಾರೆ. ಲಿಂಗ ಮುಟ್ಟಿ ಮಾತು ಕೊಡು ಮಗಾ, ಯಾರ್ ಹತ್ರನೂ ಹೇಳಲ್ಲ ಅಂತ. ಅದಕ್ಕೇ ಕರೆಸ್ದೆ."

ಕ್ಷಮಿಸಲು ಕರೆಸಿದ್ದಲ್ಲ, ಕ್ಷಮೆ ಕೇಳಲೂ ಅಲ್ಲ. ಬಾಯಿಗೆ ಬೀಗ ಹಾಕಲು ಕರೆಸಿದ್ದಳು. ಬೆಣ್ಣೆಯ ಉಂಡೆ ಇಡುತ್ತಿದ್ದ ಅದೇ ಕೈ ಅವನ ಕೈಯನ್ನು ಎಳೆದು ಅವನ ಕೊರಳ ಲಿಂಗದ ಕಡೆಗೆ ಒಯ್ಯುತ್ತಿತ್ತು. ಹುಟ್ಟಿದಂದಿನಿಂದ ತೀರ್ಥಪ್ಪ ಅತ್ತೆಯ ಮಾತು ಮೀರಿದವನಲ್ಲ. ಆವತ್ತು ಮೀರಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ.

"ಇಲ್ಲ ಅತ್ತೆ. ಕೊಡಲ್ಲ."

ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಅವನು ಮೂಲೆಯಲ್ಲಿದ್ದ ಕೋಲನ್ನು ತೆಗೆದು, ಚೀಲದಿಂದ ರಬ್ಬರಿನ ಕಾಲು ತೆಗೆದು ತೊಡಿಸಿ, ನೆಲಕ್ಕೆ ಊರಿ ಒತ್ತಿ ನೋಡಿ ಅಲ್ಲೇ ಒರಗಿಸಿಟ್ಟ. ಪಂಕಜಾಕ್ಷಿ ಊಟಕ್ಕೆ ಏಳಿ ಎಂದಳು. ಒಲ್ಲೆ ಎಂದ. ಹಿತ್ತಲಿಗೆ ಹೋಗಿ ಚೀಲದಲ್ಲಿ ಸದಾ ಇರುತ್ತಿದ್ದ ಇನ್ನೊಂದು ಸ್ಪ್ಯಾನರ್ ತೆಗೆದ. ಪಟ್ಟಿಗಳನ್ನೆಲ್ಲ ಕಿತ್ತು ಹೊತ್ತುಕೊಂಡು ಹೋಗಬೇಕೆಂದೇ ಹೊರಟದ್ದು. ಐದು ಗೀಟಿನ ಪಟ್ಟಿಯ ಒಂದು ನಟ್ಟು ಮೊದಲೇ ಸಡಿಲವಾಗಿತ್ತು. ಒಂದಿಷ್ಟು ಹೊತ್ತು ಅದನ್ನು ನೋಡುತ್ತ ಕೂತಿದ್ದು, ಬಿಗಿದ. ಕ್ಷಮಿಸಿದ ಎಂದು ಯಾರೂ ತಿಳಿಯಬೇಡಿ. ಸಾಯಂಕಾಲ ಅವಳನ್ನು ಅದರ ಮೇಲೆ ಇಳಿಸುತ್ತಾರೆ ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು.

ಬೀದಿ ಬಾಗಿಲಲ್ಲಿ ಭಾವ ಎದುರಾದ. ಸ್ಪ್ಯಾನರ್ ನೋಡಿ ಅವನ ಮುಖ ಬಿಳಿಚಿತು.

"ಮನೆ ಬಚ್ಚಲಿಗೆ ತಾನೆ ಕಣೋ ಹಾಕಿರೋದು. ಮಠಕ್ಕಲ್ವಲ್ಲ" ಎಂದ. ತಪ್ಪು ಒಪ್ಪಿಕೊಳ್ಳುವುದಕ್ಕೆ ಬದಲು ಇಂಥದ್ದೊಂದು ಮಾತು ಅವನಿಗೆ ಹೊಳೆಯಿತಲ್ಲ, ಅದೇ ಆಶ್ಚರ್ಯ.

"ಐದು ವರ್ಷ ನನ್ ಕೈ ಮೇಲೆ ನಂಗೇ ನಂಬ್ಕೆ ಇರ್ಲಿಲ್ಲ ಭಾವ" ಎಂದಷ್ಟೇ ಹೇಳಿ ತೀರ್ಥಪ್ಪ ಸ್ಟೇಷನ್ ಕಡೆ ನಡೆದ.

ಎರಡು ತಿಂಗಳಿಗೆ ಅತ್ತೆ ತೀರಿಕೊಂಡಳು. ಅವನು ಹೋಗಿ ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ಮಾತನಾಡಿಸದೆ ಬಂದ. ಅವಳಿಗೆ ಮಾತು ಕೊಟ್ಟಿರಲಿಲ್ಲವಲ್ಲ, ಆಮೇಲೆ ಅವನ ಬಾಯಿ ನಿಲ್ಲಲಿಲ್ಲ. ಈ ಕತೆ ನಮ್ಮ ತನಕ ಬಂದದ್ದೂ ಹಾಗೆಯೇ. ಬಾಯಿಮಾತಿನಲ್ಲಿ ಹೇಳಿದರೆ ಜನ ತಲೆಯಾಡಿಸಿ ಹೋಗುತ್ತಾರೆ ಎಂಬುದು ಅವನಿಗೆ ಹಳೆಯ ಅನುಭವ. ಅದಕ್ಕೆ ಶೆಡ್ಡಿನ ಮುಂದೆ ಒಂದು ಕಲ್ಲು ಚಪ್ಪಡಿ ಹಾಕಿ, ಅದರ ಮೇಲೆ ತೋಡು ತೆಗೆದ ಒಂದು ಪಟ್ಟಿ ಬಿಗಿದ. ಪಕ್ಕದಲ್ಲಿ ಒಂದು ಬಕೆಟ್ಟು ನೀರು, ಒಂದು ಬುಟ್ಟಿ ಸಗಣಿ. ವಾಷರು ಕೇಳಲು ಬಂದವರನ್ನೂ ಬಿಡುತ್ತಿರಲಿಲ್ಲ. "ಕಾಲಿಡಿ ಇಲ್ಲಿ. ಜಾರ್ತಾ? ಇಲ್ವಲ್ಲ. ಈಗ ನೋಡಿ" ಎಂದು ಸಗಣಿ ಬಳಿದು, ನೀರು ಚಿಮುಕಿಸಿ, ಗಿರಾಕಿಯ ತೋಳನ್ನು ತನ್ನ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಹತ್ತಿಸುತ್ತಿದ್ದ. ಕಾಲು ಸರ್ರೆಂದು ಜಾರುತ್ತಿತ್ತು. ಬೀಳಲು ಮಾತ್ರ ಯಾರನ್ನೂ ಬಿಡಲಿಲ್ಲ. ಆಮೇಲೆ ತೊಳೆದು, "ಈಗ ಮತ್ತೆ ಇಡಿ" ಎನ್ನುತ್ತಿದ್ದ. ಕತೆ ಹೇಳುತ್ತಿದ್ದುದು ಅದಾದ ಮೇಲೆ. ತರೀಕೆರೆಯವರು ನಕ್ಕರು, ಮೊದಲು ಅವನನ್ನು ನೋಡಿ, ಬರಬರುತ್ತ ಶಿವಮೂರ್ತಪ್ಪನನ್ನು ನೆನೆದು. ಬಸ್ಸು ಹತ್ತಿದವರ ಜೊತೆ ಆ ನಗು ಅಜ್ಜಂಪುರಕ್ಕೂ ಶಿವನಿಗೂ ಹೋಯಿತು. ತೀರ್ಥಪ್ಪ ಮೆಟ್ಟಿಲಿನ ಕೆಲಸವನ್ನು ಮತ್ತೆ ಹಿಡಿದ.

ಎಂಬತ್ತಾರರ ಬೇಸಿಗೆಯಲ್ಲಿ, ಮಧ್ಯಾಹ್ನದ ಬಸ್ಸು ಬಂದ ಹೊತ್ತಿಗೆ, ಶಿವಮೂರ್ತಪ್ಪ ಶೆಡ್ಡಿನ ಮುಂದೆ ಬಂದು ನಿಂತ. ಮಠದ ಅಧ್ಯಕ್ಷನಾಗಿದ್ದ, ಮೈಮೇಲೆ ಮಡಿಕೆ ಮುರಿಯದ ಬಿಳಿ ಬಟ್ಟೆ.

"ನಿಲ್ಸೋ ತೀರ್ಥ ಈ ಆಟಾನ. ಮುಖ ಎತ್ಕೊಂಡು ತಿರುಗಂಗಿಲ್ಲ ನಾನು. ಸತ್ತಿರೋ ಅಮ್ಮನ ಮುಖ ನೋಡಾದ್ರೂ ನಿಲ್ಸು."

ಸೈಕಲ್ ಅಂಗಡಿಯವನು, ಕುಲುಮೆಯವನು, ಬಸ್ಸಿಗೆ ಕಾಯುತ್ತಿದ್ದ ಹತ್ತಾರು ಜನ ಹತ್ತಿರ ಬಂದರು. ತೀರ್ಥಪ್ಪ ಚೂರಿ ಕೆಳಗಿಟ್ಟು ಎದ್ದ. ಬುಟ್ಟಿಯಿಂದ ಸಗಣಿ ತೆಗೆದು ಪಟ್ಟಿಯ ಮೇಲೆ ತೋಡು ತುಂಬುವಂತೆ ಬಳಿದ. ನೀರು ಚಿಮುಕಿಸಿದ. ಕೈ ತೊಳೆದುಕೊಂಡು ಭಾವನ ಕಡೆ ಚಾಚಿದ.

"ನಿಲ್ಲಿಸ್ತೀನಿ. ಒಂದ್ಸಲ ಕಾಲಿಡು ಭಾವ. ನಾನು ಹಿಡ್ಕೊಂಡಿರ್ತೀನಿ, ಬೀಳಕ್ಕೆ ಬಿಡಲ್ಲ. ನೀನೇ ಜಾರಿ, ಯಾಕೆ ಜಾರ್ತು ಅಂತ ಇವ್ರಿಗೆ ಹೇಳು. ಆಮೇಲೆ ಈ ಕಲ್ಲು ಕಿತ್ತು ಬಿಸಾಕ್ತೀನಿ."

ಶಿವಮೂರ್ತಪ್ಪ ಚಪ್ಪಲಿ ಬಿಟ್ಟ. ಬಲಗಾಲು ಎತ್ತಿದ. ಒಂದು ಗಳಿಗೆ ಇಟ್ಟೇಬಿಡುತ್ತಾನೆ ಎಂದು ಎಲ್ಲರಿಗೂ ಅನ್ನಿಸಿತು, ತೀರ್ಥಪ್ಪನಿಗೂ ಅನ್ನಿಸಿತು. ಅವನ ಚಾಚಿದ ಕೈ ಭಾವನ ತೋಳಿನ ತನಕ ಹೋಯಿತು. ಭಾವ ಆ ಕೈಯನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ, ಮುಟ್ಟಿಸಿಕೊಳ್ಳದೆ ತೋಳನ್ನು ಹಿಂದಕ್ಕೆ ಎಳೆದುಕೊಂಡ. ಕಾಲು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಅಜ್ಜಂಪುರದ ಬಸ್ಸಿನ ಕಡೆ ಹೋದ.

ತೀರ್ಥಪ್ಪ ಎರಡು ಚೊಂಬು ನೀರು ಸುರಿದು ಪಟ್ಟಿಯನ್ನು ತೊಳೆದ. ತೋಡಿನಲ್ಲಿ ಉಳಿದದ್ದನ್ನು ಕಡ್ಡಿಯಿಂದ ಕೆದಕಿದ. ಒಳಗೆ ಬಂದು ಕೂತು, ಕಾಯುತ್ತಿದ್ದ ಗಿರಾಕಿಯನ್ನು ಕೇಳಿದ, "ವಾಷರ್ ಎಷ್ಟು ಇಂಚಿಂದು ಅಂದ್ರಿ?"